ಬ್ರೂಜ್‌ನಲ್ಲಿ ಒಂದು ದಿನ: ಬೇಗ ಹೋಗಿ, ತಡವಾಗಿ ಹೊರಡಿ

ಬೆಲ್ಜಿಯಂನ ಹಳೆ ಊರು ಬ್ರೂಜ್ ನೋಡೋಕೆ ಒಂದು ದಿನ ಸಾಕಾಗುತ್ತಾ ಅಂತ ಬ್ರಸಲ್ಸ್‌ಗೆ ಬರುವ ನಮ್ಮವರು ತುಂಬಾ ಜನ ಕೇಳುತ್ತಾರೆ. ಸಾಕಾಗುತ್ತದೆ. ಆದರೆ ಆ ದಿನ ಬೆಳಗ್ಗೆ ಒಂಬತ್ತಕ್ಕೇ ಶುರುವಾಗಬೇಕು, ಸಂಜೆ ಟೂರ್ ಬಸ್ಸುಗಳೆಲ್ಲ ಹೊರಟುಹೋದ ಮೇಲೆ ಮುಗಿಯಬೇಕು.

ಕೆಲಸದ ಮೇಲೆ ಎರಡು ವರ್ಷ ಬ್ರಸಲ್ಸ್‌ನಲ್ಲಿದ್ದಾಗ ನಾನು ಆರೇಳು ಸಲ ಬ್ರೂಜ್‌ಗೆ ಹೋಗಿದ್ದೇನೆ. ಮೊದಲ ಸಲ ತಲುಪಿದಾಗ ಹನ್ನೊಂದೂವರೆ. ನಾಲ್ಕೂವರೆಗೆ ವಾಪಸ್ ರೈಲು ಹತ್ತಿದೆ. ಅಷ್ಟು ಹೊತ್ತೂ ನೂಕುನುಗ್ಗಲಲ್ಲೇ ಕಳೆದೆ, ಕಾಲುವೆಯ ಪಕ್ಕ ಐದು ನಿಮಿಷ ಸುಮ್ನೆ ನಿಲ್ಲೋಕೂ ಆಗಲಿಲ್ಲ. ಕೊನೆಯ ಸಲ ಊರಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಆ ಹೊತ್ತಿಗೆ ಊರಿನ ಲೆಕ್ಕ ತಿಳಿದಿತ್ತು. ಆವತ್ತು ನಾವು ಹೋದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಊರಿನ ಕಥೆ ಸ್ವಲ್ಪ ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಈ ಹಳೆ ಊರು ಸಮುದ್ರದ ದಡದಲ್ಲಿಲ್ಲ. 1134ರಲ್ಲಿ ಬಂದ ದೊಡ್ಡ ಬಿರುಗಾಳಿ ಕರಾವಳಿಯನ್ನು ಸೀಳಿ, ಜ್ವಿನ್ ಎಂಬ ಕೊಲ್ಲಿಯನ್ನು ಒಳನಾಡಿನ ಕಡೆಗೆ ತೆರೆಯಿತು. ಆ ನೀರಿಗೆ ಕಾಲುವೆ ಜೋಡಿಸಿಕೊಂಡು ಬ್ರೂಜ್ ವ್ಯಾಪಾರದ ಊರಾಯಿತು. ಇಂಗ್ಲೆಂಡಿನಿಂದ ಉಣ್ಣೆ ಬಂತು, ಇಲ್ಲಿಂದ ಬಟ್ಟೆ ಹೋಯಿತು. ಇಟಲಿಯ ವ್ಯಾಪಾರಿಗಳು ಬಂದು ಮನೆ ಮಾಡಿದರು. ಷೇರು ಪೇಟೆಗೆ ಯೂರೋಪಿನ ಹಲವು ಭಾಷೆಗಳಲ್ಲಿರುವ 'ಬೋರ್ಸ್' ಎಂಬ ಹೆಸರು ಕೂಡ ಇಲ್ಲಿನ ಫಾನ್ ಡೆರ್ ಬ್ಯೂರ್ಸೆ ಮನೆತನದವರ ಛತ್ರದ ಮುಂದೆ ಸೇರುತ್ತಿದ್ದ ವ್ಯಾಪಾರಿಗಳಿಂದ ಬಂದದ್ದು. ಆಮೇಲೆ ಜ್ವಿನ್‌ನಲ್ಲಿ ಹೂಳು ತುಂಬುತ್ತಾ ಹೋಯಿತು. ದೊಡ್ಡ ಹಡಗು ಬರೋದು ನಿಂತಿತು. 1500ರ ಹೊತ್ತಿಗೆ ವ್ಯಾಪಾರವೆಲ್ಲ ಆಂಟ್‌ವರ್ಪ್ ಕಡೆಗೆ ಸರಿದಿತ್ತು. ಮುಂದೆ ಮುನ್ನೂರು ವರ್ಷ ಬ್ರೂಜ್ ಬಡ ಊರು. ಹಳೆ ಮನೆ ಕೆಡವಿ ಹೊಸದು ಕಟ್ಟಿಸೋಕೆ ಜನರ ಹತ್ತಿರ ದುಡ್ಡೇ ಇರಲಿಲ್ಲ. ಇವತ್ತು ನಾವು ಟಿಕೆಟ್ ತೆಗೆದುಕೊಂಡು ನೋಡಲು ಹೋಗುವುದು ಆ ಬಡತನ ಕಾಪಾಡಿಕೊಟ್ಟ ಊರನ್ನು. 2000ದಲ್ಲಿ ಹಳೆ ಊರಿಗೆ ಊರೇ ಯುನೆಸ್ಕೋ ಪಟ್ಟಿಗೆ ಸೇರಿತು.

ಹಿಂದಿನ ದಿನದ ತಯಾರಿ

ಯಾವ ವಾರ ಹೋಗುತ್ತೀರಿ ಅನ್ನೋದು ಮುಖ್ಯ. ಶನಿವಾರ, ಭಾನುವಾರ ಜನ ಜಾಸ್ತಿ. ಭಾನುವಾರ ಬೆಳಗ್ಗೆ ಚರ್ಚ್‌ಗಳಲ್ಲಿ ಪ್ರಾರ್ಥನೆ ಇರುತ್ತದೆ, ಒಳಗೆ ನೋಡಲು ಮಧ್ಯಾಹ್ನದವರೆಗೆ ಕಾಯಬೇಕು. ಮ್ಯೂಸಿಯಂಗಳಿಗೆ ವಾರಕ್ಕೊಂದು ದಿನ ರಜೆ, ಅದೂ ಒಂದೊಂದಕ್ಕೆ ಒಂದೊಂದು ದಿನ. ನನ್ನ ಆಯ್ಕೆ ಮಂಗಳವಾರ ಇಲ್ಲವೇ ಗುರುವಾರ. ಸಂತೆ ನೋಡುವ ಆಸೆ ಇದ್ದರೆ ಬುಧವಾರ ಬೆಳಗ್ಗೆ ದೊಡ್ಡ ಚೌಕದಲ್ಲೇ ತರಕಾರಿ, ಹೂವು, ಚೀಸ್ ಅಂಗಡಿಗಳು ಕೂತಿರುತ್ತವೆ.

ದೊಡ್ಡ ಚೌಕದ ಗಂಟೆ ಗೋಪುರ ಹತ್ತುವುದಿದ್ದರೆ ಅದಕ್ಕೆ ಮಾತ್ರ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದುಕೊಳ್ಳಿ. ಒಂದು ಹೊತ್ತಿಗೆ ಇಂತಿಷ್ಟೇ ಜನರನ್ನು ಬಿಡುತ್ತಾರೆ. ಹನ್ನೆರಡು ಗಂಟೆ ಆಸುಪಾಸಿನ ಸಮಯ ಹಾಕಿಕೊಳ್ಳಿ.

ಚೀಲದಲ್ಲಿ ಛತ್ರಿ, ನೀರಿನ ಬಾಟಲಿ, ಒಂದಷ್ಟು ಚಿಲ್ಲರೆ ನಾಣ್ಯ ಇರಲಿ. ಶೌಚಾಲಯಗಳಿಗೆ ದುಡ್ಡು ಕೊಡಬೇಕು. ಹೋಟೆಲಿನಲ್ಲಿ ಕೂತ ಕೂಡಲೇ ನೀರು ತಂದಿಡುವ ಪದ್ಧತಿ ಅಲ್ಲಿಲ್ಲ, ನೀರಿಗೂ ಬಿಲ್ ಬರುತ್ತದೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಇನ್ನು ಚಪ್ಪಲಿಯ ವಿಷಯ: ಊರಿಡೀ ಕಲ್ಲು ಹಾಸಿದ ಬೀದಿ. ಅಮ್ಮ ಸೀರೆಗೆ ಒಪ್ಪಲ್ಲ ಅಂತ ಶೂ ಬೇಡ ಅಂದಿದ್ದಳು, ನಾನು ಹಠ ಮಾಡಿ ಹಾಕಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವಳೇ ಒಳ್ಳೇದಾಯ್ತು ಅಂದಳು.

ರೈಲು

ಬ್ರಸಲ್ಸ್‌ನ ಉತ್ತರ, ಮಧ್ಯ, ದಕ್ಷಿಣ ಮೂರೂ ನಿಲ್ದಾಣಗಳಲ್ಲಿ ಬ್ರೂಜ್ ಕಡೆಯ ರೈಲು ನಿಲ್ಲುತ್ತದೆ. ಒಂದು ಗಂಟೆಯ ದಾರಿ, ನಡುವೆ ಗೆಂಟ್ ಸಿಗುತ್ತದೆ. ಸೀಟು ಕಾದಿರಿಸುವುದು ಬೇಕಿಲ್ಲ, ಆ ದಿನದ ಯಾವ ರೈಲಿಗಾದರೂ ಅದೇ ಟಿಕೆಟ್ ನಡೆಯುತ್ತದೆ. ಟಿಕೆಟ್ ಮಾತ್ರ ಹತ್ತುವ ಮುಂಚೆಯೇ ಇರಲಿ. ಒಳಗೆ ತೆಗೆದುಕೊಂಡರೆ ಜಾಸ್ತಿ ಕೊಡಬೇಕು.

ಹೆಸರು ಗೊಂದಲ ಮಾಡುತ್ತದೆ. ನಾವು ಹೇಳುವ ಬ್ರೂಜ್ ಫ್ರೆಂಚ್ ಹೆಸರು. ಊರಿನವರ ಡಚ್ ಭಾಷೆಯಲ್ಲಿ ಬೋರ್ಡಿನ ಮೇಲೆ ಬ್ರುಗ್ಗೆ ಎಂದು ಬರೆದಿರುತ್ತದೆ, ಬಾಯಲ್ಲಿ ಬ್ರುಹ್ಹ ಅಂತ ಕೇಳಿಸುತ್ತದೆ. ಪ್ಲಾಟ್‌ಫಾರಂ ಫಲಕದಲ್ಲಿ ರೈಲು ಕೊನೆಗೆ ಹೋಗುವ ಊರಿನ ಹೆಸರೇ ದೊಡ್ಡದಾಗಿ ಕಾಣುವುದು, ಹೆಚ್ಚಾಗಿ ಓಸ್ಟೆಂಡೆ. ಗಾಬರಿ ಬೇಡ, ಅದೇ ರೈಲು. ಎಂಟು ಗಂಟೆ ಆಸುಪಾಸಿನದ್ದನ್ನು ಹಿಡಿಯಿರಿ. ದೊಡ್ಡ ಲಗೇಜ್ ಇದ್ದರೆ ಬ್ರೂಜ್ ನಿಲ್ದಾಣದಲ್ಲೇ ಲಾಕರ್ ಇದೆ.

ಕೆರೆಯ ಕಡೆಯಿಂದ ಊರೊಳಗೆ

ನಿಲ್ದಾಣದಿಂದ ಹೊರಬಂದರೆ ಎಲ್ಲರೂ ಸೀದಾ ದೊಡ್ಡ ಚೌಕದ ಕಡೆ ನಡೆಯುತ್ತಾರೆ. ನೀವು ಹಾಗೆ ಮಾಡಬೇಡಿ. ಬಲಕ್ಕೆ ತಿರುಗಿ ಮಿನ್ನೆವಾಟರ್ ಎಂಬ ಕೆರೆಯ ಕಡೆ ಹೋಗಿ. ಹತ್ತು ಹದಿನೈದು ನಿಮಿಷದ ನಡಿಗೆ. ದಡದಲ್ಲಿ ಹಳೆ ಕೋಟೆಯ ಒಂದು ದುಂಡು ಬುರುಜು, ಆಚೆ ಮರಗಳು, ನೀರಲ್ಲಿ ಹಂಸಗಳು.

ಹಂಸಗಳ ಬಗ್ಗೆ ಒಂದು ದಂತಕಥೆ ಇದೆ. 1488ರಲ್ಲಿ ಊರಿನವರು ತಮ್ಮ ದೊರೆ ಮ್ಯಾಕ್ಸಿಮಿಲಿಯನ್‌ನನ್ನೇ ಕೂಡಿಹಾಕಿ, ಅವನ ಅಧಿಕಾರಿ ಪೀಟರ್ ಲಾಂಕಾಲ್ಸ್‌ನ ತಲೆ ತೆಗೆದರು. ಇದು ನಡೆದದ್ದು. ಲಾಂಕಾಲ್ಸ್ ಅಂದರೆ ಉದ್ದ ಕತ್ತು ಎಂಬ ಅರ್ಥ ಕೇಳಿಸುತ್ತದೆ, ಅವನ ವಂಶಲಾಂಛನದಲ್ಲೂ ಹಂಸವಿತ್ತು. ಅದಕ್ಕೇ ದೊರೆ ಬಿಡುಗಡೆಯಾದ ಮೇಲೆ, ಈ ಊರು ಕೊನೆತನಕ ಉದ್ದ ಕತ್ತಿನ ಹಕ್ಕಿಗಳನ್ನು ಸಾಕಬೇಕು ಅಂತ ಶಿಕ್ಷೆ ಕೊಟ್ಟನಂತೆ. ಇದು ಜನ ಹೇಳುವ ಕಥೆ. ಕಥೆಯೋ ನಿಜವೋ, ಹಂಸಗಳಂತೂ ಇವೆ. ಬ್ರೆಡ್ ಹಾಕಬೇಡಿ, ಅವಕ್ಕೆ ಒಳ್ಳೆಯದಲ್ಲ.

ಕೆರೆ ಮುಗಿದಲ್ಲಿ ಒಂದು ಸೇತುವೆ, ಸೇತುವೆ ದಾಟಿದರೆ ಬಿಳಿ ಬಾಗಿಲು. ಅದು ಬೆಖೈನ್‌ಹೋಫ್. 1245ರಲ್ಲಿ ಸ್ಥಾಪನೆಯಾದ ಹೆಂಗಸರ ವಠಾರ. ಇಲ್ಲಿದ್ದವರು ಸನ್ಯಾಸಿನಿಯರಲ್ಲ. ಗಂಡ ಸತ್ತವರು, ಮದುವೆ ಬೇಡವೆಂದವರು ಒಟ್ಟಿಗೆ ಸೇರಿ ದೇವರ ಧ್ಯಾನ ಮಾಡಿಕೊಂಡು, ದುಡಿದು ಬದುಕುತ್ತಿದ್ದರು. ಸ್ವಂತ ಆಸ್ತಿ ಇಟ್ಟುಕೊಳ್ಳಬಹುದಿತ್ತು, ಬೇಡವೆನಿಸಿದರೆ ಬಿಟ್ಟು ಹೋಗಬಹುದಿತ್ತು. ಹದಿಮೂರನೇ ಶತಮಾನದಲ್ಲಿ ಹೆಣ್ಣುಮಕ್ಕಳಿಗೆ ಅಷ್ಟು ಸ್ವಾತಂತ್ರ್ಯ ಕೊಟ್ಟ ಜಾಗ ಇನ್ನೆಷ್ಟಿದ್ದವು ಹೇಳಿ? ಈಗ ಅಲ್ಲಿ ಬೆನೆಡಿಕ್ಟೈನ್ ಸನ್ಯಾಸಿನಿಯರಿದ್ದಾರೆ. ಸುತ್ತ ಸುಣ್ಣ ಬಳಿದ ಮನೆಗಳು, ನಡುವೆ ಹುಲ್ಲು, ಎತ್ತರದ ಮರಗಳು. ವಸಂತದಲ್ಲಿ ಹೋದರೆ ಹುಲ್ಲಿನ ತುಂಬಾ ಹಳದಿ ಡ್ಯಾಫೋಡಿಲ್ ಹೂವು. ಒಳಗೆ ಹೋಗೋಕೆ ದುಡ್ಡಿಲ್ಲ, ಮಾತು ಮಾತ್ರ ಮೆಲ್ಲಗೆ. ಒಂಬತ್ತೂವರೆಯೊಳಗೆ ಹೋದರೆ ಹಕ್ಕಿ ಕೂಗು ಬಿಟ್ಟು ಬೇರೆ ಸದ್ದಿರಲ್ಲ. ಹನ್ನೊಂದಕ್ಕೆ ಹೋದರೆ ಅದೇ ಜಾಗ ಬೇರೆಯೇ ಆಗಿರುತ್ತದೆ.

ಅಲ್ಲಿಂದ ಮುಂದೆ ವಾಲ್‌ಪ್ಲೇನ್ ಚೌಕದಲ್ಲಿ ಹಾಲ್ವೆ ಮಾನ್ ಎಂಬ ಬಿಯರ್ ತಯಾರಿಸುವ ಮನೆ ಇದೆ. ಬಿಯರ್ ಕುಡಿಯದವರಿಗೂ ಒಂದು ಮಾತು ಹೇಳಬೇಕು. ಈ ಸಣ್ಣ ಬೀದಿಗಳಲ್ಲಿ ಲಾರಿ ಓಡಿಸಿ ಊರು ಹಾಳು ಮಾಡೋದು ಬೇಡ ಅಂತ, ಅವರು ಊರಾಚೆಯ ಬಾಟ್ಲಿಂಗ್ ಘಟಕದವರೆಗೆ ನೆಲದಡಿಯಲ್ಲಿ ಸುಮಾರು 3 ಕಿಲೋಮೀಟರ್ ಬಿಯರ್ ಪೈಪ್ ಹಾಕಿಸಿದರು. 2016ರಲ್ಲಿ ಶುರುವಾಯಿತು. ನೀವು ನಡೆಯುವ ಕಲ್ಲಿನ ಕೆಳಗೇ ಅದು ಹರಿಯುತ್ತಿರಬಹುದು.

ಅಮೃತಶಿಲೆಯ ತಾಯಿ ಮಗು

ಹತ್ತು ಗಂಟೆಯೊಳಗೆ ಅವರ್ ಲೇಡಿ ಚರ್ಚ್ ತಲುಪಿ. ಇದರ ಇಟ್ಟಿಗೆ ಗೋಪುರ 115 ಮೀಟರ್ ಎತ್ತರ, ದಾರಿ ತಪ್ಪುವ ಮಾತೇ ಇಲ್ಲ. ಚರ್ಚ್‌ನ ಮುಂಭಾಗಕ್ಕೆ ಉಚಿತ ಪ್ರವೇಶ, ಮೈಕೆಲೇಂಜೆಲೊ ಕೆತ್ತಿದ ಮೇರಿ ಮತ್ತು ಬಾಲ ಯೇಸುವಿನ ವಿಗ್ರಹ ಇರುವ ಭಾಗಕ್ಕೆ ಟಿಕೆಟ್. ಇಡೀ ದಿನದಲ್ಲಿ ಒಂದೇ ಒಂದು ಕಡೆ ಟಿಕೆಟ್‌ಗೆ ದುಡ್ಡು ಕೊಡುತ್ತೀರಿ ಅಂದರೆ ಇಲ್ಲಿ ಕೊಡಿ.

ವಿಗ್ರಹ ದೊಡ್ಡದಲ್ಲ, ಪೀಠ ಸೇರಿ ಒಂದೂಕಾಲು ಮೀಟರ್ ಚಿಲ್ಲರೆ. ಬಟ್ಟೆ ವ್ಯಾಪಾರಿ ಮುಸ್ಕ್ರೋನ್ ಮನೆತನದವರು ಇಟಲಿಯಿಂದ ಕೊಂಡು ತಂದದ್ದು. ಹತ್ತಿರದಿಂದ ಮಗುವನ್ನು ನೋಡಿ. ಅದು ತಾಯಿಯ ತೊಡೆ ಮೇಲೆ ಕೂತಿಲ್ಲ. ಅವಳ ಮಂಡಿಗಳ ನಡುವೆ ನಿಂತು, ಕೆಳಗಿನ ಮೆಟ್ಟಿಲಿಗೆ ಕಾಲಿಡಲು ಹೊರಟಿದೆ. ಅವಳ ಎಡಗೈ ಬೆರಳನ್ನು ಹಿಡಿದುಕೊಂಡಿದೆ. ತಾಯಿ ಮಗುವನ್ನೂ ನೋಡುತ್ತಿಲ್ಲ, ನಮ್ಮನ್ನೂ ನೋಡುತ್ತಿಲ್ಲ. ಕಣ್ಣು ಕೆಳಕ್ಕೆ ಇಳಿದಿದೆ. ಮಗ ಎಲ್ಲಿಗೆ ನಡೆದು ಹೋಗುತ್ತಾನೆ ಅನ್ನೋದು ಅವಳಿಗೆ ಗೊತ್ತಿದೆ, ತಡೆಯುವ ಹಾಗಿಲ್ಲ. ಅಮ್ಮ ಅದರ ಮುಂದೆ ತುಂಬಾ ಹೊತ್ತು ನಿಂತಳು. "ಕೈ ಬಿಟ್ಟೂ ಬಿಟ್ಟಿಲ್ಲ ನೋಡು" ಅಂದಳು.

ಈ ವಿಗ್ರಹ ಎರಡು ಸಲ ಊರು ಬಿಟ್ಟು ಹೋಗಿ ಬಂದಿದೆ. 1794ರಲ್ಲಿ ಫ್ರೆಂಚರು ಒಯ್ದರು, ನೆಪೋಲಿಯನ್ ಸೋತ ಮೇಲೆ ವಾಪಸ್ ಬಂತು. 1944ರಲ್ಲಿ ಸೋತು ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನಿಕರು ಹಾಸಿಗೆಗಳಲ್ಲಿ ಸುತ್ತಿ, ರೆಡ್ ಕ್ರಾಸ್ ಲಾರಿಯಲ್ಲಿ ಸಾಗಿಸಿದರು. ಮರುವರ್ಷ ಆಸ್ಟ್ರಿಯಾದ ಆಲ್ಟೌಸೆಯ ಉಪ್ಪಿನ ಗಣಿಯೊಳಗೆ ಸಿಕ್ಕಿತು.

ಮಳೆ ಜೋರಾಗಿದ್ದರೆ ಎದುರು ಬದಿಯ ಸಂತ ಜಾನ್ ಆಸ್ಪತ್ರೆಗೆ ಹೋಗಿ. ಹನ್ನೆರಡನೇ ಶತಮಾನದ ಆಸ್ಪತ್ರೆ, ಈಗ ಮ್ಯೂಸಿಯಂ. ಹಾನ್ಸ್ ಮೆಮ್ಲಿಂಗ್ 1489ರಲ್ಲಿ ಚಿತ್ರ ಬಿಡಿಸಿದ, ಪುಟ್ಟ ಚರ್ಚ್ ಆಕಾರದ ಮರದ ಪೆಟ್ಟಿಗೆ ಅಲ್ಲಿದೆ. ಬಿಸಿಲಿದ್ದರೆ ಮಾತ್ರ ಹೊರಗೇ ಇರಿ.

ಚರ್ಚ್‌ನ ಹಿಂಭಾಗದಲ್ಲಿ ಬೋನಿಫೇಷಿಯಸ್ ಸೇತುವೆ. ಎಲ್ಲರೂ ಫೋಟೋ ತೆಗೆಯುವ ಜಾಗ. ನೋಡೋಕೆ ಮಧ್ಯಯುಗದ್ದು ಅನಿಸುತ್ತದೆ, ಕಟ್ಟಿದ್ದು 1910ರ ಹೊತ್ತಿಗೆ. ಆದರೂ ಚೆಂದವೇ.

ದೋಣಿ

ಊರಿನವರು ಕಾಲುವೆಗಳನ್ನು ರೇಯೆನ್ ಅನ್ನುತ್ತಾರೆ. ದೋಣಿ ಹತ್ತುವ ಕಟ್ಟೆಗಳು ಐದಿವೆ, ಎಲ್ಲವೂ ಹತ್ತಿರ ಹತ್ತಿರ. ದಾರಿ ಒಂದೇ, ದರ ಒಂದೇ, ಅರ್ಧ ಗಂಟೆಯ ಸುತ್ತಾಟ. ಹಾಗಾಗಿ ಯಾವ ಕಟ್ಟೆಯಲ್ಲಿ ಸಾಲು ಚಿಕ್ಕದಿದೆಯೋ ಅಲ್ಲಿ ನಿಲ್ಲಿ. ಹತ್ತೂವರೆಯೊಳಗೆ ಹೋದರೆ ಜಾಸ್ತಿ ಕಾಯಬೇಕಿಲ್ಲ, ಮಧ್ಯಾಹ್ನ ಒಂದು ಗಂಟೆ ನಿಲ್ಲಬೇಕಾದೀತು. ಮಾರ್ಚ್‌ನಿಂದ ನವೆಂಬರ್ ಮಧ್ಯದವರೆಗೆ ದೋಣಿಗಳು ಓಡುತ್ತವೆ, ಚಳಿಗಾಲದಲ್ಲಿ ಹೋಗುವವರು ಇದನ್ನು ನಂಬಿಕೊಳ್ಳಬೇಡಿ.

ದೋಣಿ ಸವಾರಿ ಪ್ರವಾಸಿಗರಿಗೆ ಮಾಡಿಟ್ಟ ಆಟ ಅಂತ ಕೆಲವರು ತಳ್ಳಿಹಾಕುತ್ತಾರೆ. ನಾನು ಒಪ್ಪಲ್ಲ. ಈ ಊರನ್ನು ಕಟ್ಟಿದ್ದೇ ನೀರಿನಲ್ಲಿ ಬರುವವರಿಗಾಗಿ. ಕಟ್ಟೆ ಇಲ್ಲದೆ ನೇರ ನೀರಿಗೆ ಇಳಿದ ಇಟ್ಟಿಗೆ ಗೋಡೆ, ಸರಕು ಇಳಿಸಿಕೊಳ್ಳುತ್ತಿದ್ದ ಬಾಗಿಲು, ಗೋಡೆಯ ಬುಡದ ಪಾಚಿ, ಇವೆಲ್ಲ ಬೀದಿಯಿಂದ ಕಾಣಲ್ಲ. ಸೇತುವೆಗಳ ಕೆಳಗೆ ಹೋಗುವಾಗ ದೋಣಿಯವರು ಕೂಗುತ್ತಾರೆ, ತಲೆ ಬಗ್ಗಿಸಿ. ಅಪ್ಪ ಎತ್ತರದವರು, ಎರಡು ಕಡೆ ಪೂರ್ತಿ ಬಾಗಬೇಕಾಯಿತು.

ಎರಡು ಚೌಕ, ಒಂದು ಗೋಪುರ

ದೋಣಿ ಇಳಿದರೆ ಬುರ್ಗ್ ಚೌಕ ಎರಡೇ ನಿಮಿಷ. 1376ರಲ್ಲಿ ಕಟ್ಟಲು ಶುರು ಮಾಡಿದ ಪುರಭವನ ಅಲ್ಲಿದೆ. ಮೂಲೆಯಲ್ಲಿ ಪವಿತ್ರ ರಕ್ತದ ಬೆಸಿಲಿಕಾ. ಕೆಳಗಿನ ಗುಡಿ ಹನ್ನೆರಡನೇ ಶತಮಾನದ್ದು, ದಪ್ಪ ಕಂಬ, ಕತ್ತಲೆ, ತಂಪು. ಮೇಲಿನದು ಬಣ್ಣಬಣ್ಣ. ಯೇಸುವಿನ ರಕ್ತದ ಹನಿ ಇದೆ ಎಂದು ನಂಬುವ ಬಟ್ಟೆಯ ಚೂರನ್ನು ಮೇಲೆ ಕಾಪಾಡಿದ್ದಾರೆ. ಯೇಸು ಸ್ವರ್ಗಕ್ಕೇರಿದ ನೆನಪಿನ ಅಸೆನ್ಷನ್ ಹಬ್ಬದ ದಿನ ಅದರ ಮೆರವಣಿಗೆ ನಡೆಯುತ್ತದೆ, ಆವತ್ತು ಊರು ಕಿಕ್ಕಿರಿದಿರುತ್ತದೆ. ಅದನ್ನೇ ನೋಡುವವರು ಬಿಟ್ಟು ಉಳಿದವರು ಬೇರೆ ದಿನ ಆರಿಸಿಕೊಳ್ಳಿ.

ಪಕ್ಕದ್ದೇ ಮಾರ್ಕ್ಟ್, ದೊಡ್ಡ ಚೌಕ. ನಡುವಿನ ಎರಡು ವಿಗ್ರಹಗಳು ಯಾನ್ ಬ್ರೇಡೆಲ್ ಮತ್ತು ಪೀಟರ್ ಡೆ ಕೋನಿಂಕ್ ಅವರದ್ದು. 1302ರಲ್ಲಿ ಫ್ರೆಂಚ್ ರಾಜನ ವಿರುದ್ಧ ಎದ್ದ ಜನರ ಮುಂದಾಳುಗಳು, ಒಬ್ಬ ಕಸಾಯಿ, ಒಬ್ಬ ನೇಕಾರ.

ಗಂಟೆ ಗೋಪುರ 83 ಮೀಟರ್, 366 ಮೆಟ್ಟಿಲು. ಲಿಫ್ಟ್ ಇಲ್ಲ. ಮೇಲೆ ಹೋದಂತೆ ಮೆಟ್ಟಿಲು ಕಿರಿದಾಗುತ್ತದೆ, ಹತ್ತುವವರೂ ಇಳಿಯುವವರೂ ಒಂದೇ ದಾರಿ. ಮಂಡಿ ನೋವು, ಹೃದಯದ ತೊಂದರೆ ಇರುವವರು ಬೇಡ. ಅಮ್ಮ ಕೆಳಗೇ ಕೂತಳು, ಅವಳಿಗೇನೂ ನಷ್ಟವಾಗಲಿಲ್ಲ. ಮೇಲಿನ 47 ಗಂಟೆಗಳ ಸಂಗೀತ ಕೆಳಗಿನ ಅಂಗಳದಲ್ಲಿ ಇನ್ನೂ ಚೆನ್ನಾಗಿ ಕೇಳಿಸುತ್ತದೆ.

ಊಟ

ಚೌಕದ ಸುತ್ತಲಿನ ಹೋಟೆಲುಗಳಲ್ಲಿ ನೀವು ಊಟಕ್ಕಿಂತ ನೋಟಕ್ಕೆ ದುಡ್ಡು ಕೊಡುತ್ತೀರಿ. ಎರಡು ಬೀದಿ ಆಚೆ ಹೋದರೆ ಸಾಕು, ದರ ಇಳಿಯುತ್ತದೆ.

ಸಸ್ಯಾಹಾರಿಗಳು ಒಂದು ವಿಷಯ ತಪ್ಪದೆ ನೆನಪಿಡಿ. ಬೆಲ್ಜಿಯಂನಲ್ಲಿ ಆಲೂ ಫ್ರೈಗಳನ್ನು ಎರಡು ಸಲ ಕರಿಯುತ್ತಾರೆ, ಹಳೆ ಪದ್ಧತಿಯ ಪ್ರಕಾರ ದನದ ಕೊಬ್ಬಿನಲ್ಲಿ. ಹಿಂದೊಮ್ಮೆ ನನ್ನ ಜೊತೆ ಬಂದಿದ್ದ ಗೆಳೆಯನಿಗೆ ಇದು ಗೊತ್ತಾದದ್ದು ಅರ್ಧ ಪೊಟ್ಟಣ ತಿಂದ ಮೇಲೆ. ಅವನು ಆವತ್ತು ಮತ್ತೇನೂ ತಿನ್ನಲಿಲ್ಲ. ನನಗೆ ಇವತ್ತಿಗೂ ಆ ಬೇಜಾರಿದೆ, ಮೊದಲೇ ಕೇಳಬಹುದಿತ್ತಲ್ಲ ಅಂತ. ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ. ಇಂಗ್ಲಿಷ್‌ನಲ್ಲೇ ಕೇಳಿ, ಸರಿಯಾಗಿ ಉತ್ತರ ಕೊಡುತ್ತಾರೆ. ಈ ಭಾಗದ ಭಾಷೆ ಡಚ್, ಫ್ರೆಂಚ್ ಮಾತಾಡಲು ಹೋಗುವುದಕ್ಕಿಂತ ಇಂಗ್ಲಿಷ್ ವಾಸಿ. ಚೀಸ್ ಕ್ರೋಕೆಟ್ ಕೂಡ ಅದೇ ಬಾಣಲೆಯಲ್ಲಿ ಬೇಯಬಹುದು. ವಾಫಲ್‌ನಲ್ಲಿ ಮೊಟ್ಟೆ ಇರುತ್ತದೆ.

ನಾವು ಚಪಾತಿ ಸುರುಳಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು. ಬುರ್ಗ್‌ನಿಂದ ಐದು ನಿಮಿಷ ನಡೆದರೆ ಆಸ್ಟ್ರಿಡ್ ಪಾರ್ಕ್. ಬೆಂಚು, ನೆರಳು, ಒಂದು ಪುಟ್ಟ ಕೊಳ. ಅಲ್ಲಿ ಕೂತು ತಿಂದು ಅಪ್ಪ ಹತ್ತು ನಿಮಿಷ ಕಣ್ಣು ಮುಚ್ಚಿದರು.

ಮಧ್ಯಾಹ್ನ ಜನರಿಂದ ದೂರ

ಒಂದೂವರೆಯಿಂದ ನಾಲ್ಕೂವರೆವರೆಗೆ ಊರಿನ ನಡುಭಾಗದಲ್ಲಿ ಇರಬೇಡಿ. ಪೂರ್ವದ ಕಡೆ ಸಂತ ಅನ್ನಾ ಕೇರಿಗೆ ನಡೆಯಿರಿ. ಹಿಂದೆ ದುಡಿಯುವ ಜನ ಇದ್ದ ಕೇರಿ. ತಗ್ಗಿನ ಮನೆಗಳು, ಕಿಟಕಿಯಲ್ಲಿ ಬೆಕ್ಕು, ಒಗೆದ ಬಟ್ಟೆಯ ವಾಸನೆ. ಚೌಕದಿಂದ ಕಾಲು ಗಂಟೆ ದೂರ, ಆದರೂ ಬಸ್ಸಿನ ಗುಂಪು ಇಲ್ಲಿಗೆ ಬರಲ್ಲ.

ಇಲ್ಲಿನ ಲೇಸ್ ಕೇಂದ್ರ, ಅವರ ಭಾಷೆಯಲ್ಲಿ ಕಾಂಟ್‌ಸೆಂಟ್ರುಮ್, ನಮ್ಮ ದಿನದ ಅತ್ಯಂತ ಒಳ್ಳೆಯ ಗಂಟೆ ಕೊಟ್ಟಿತು. ಭಾನುವಾರ ರಜೆ. ಮಧ್ಯಾಹ್ನ ಹೆಂಗಸರು ಕೂತು ಲೇಸ್ ಹೆಣೆಯುತ್ತಾರೆ, ಪಕ್ಕದಲ್ಲಿ ನಿಂತು ನೋಡಬಹುದು. ತೊಡೆಯ ಮುಂದೆ ಗಟ್ಟಿ ದಿಂಬು. ಅದರ ಮೇಲೆ ಚುಚ್ಚಿದ ಚುಕ್ಕಿಗಳ ನಕ್ಷೆ, ಚುಕ್ಕಿಗೊಂದು ಗುಂಡುಸೂಜಿ. ಪ್ರತಿ ದಾರದ ತುದಿಗೆ ಮರದ ಪುಟ್ಟ ಕಡ್ಡಿ, ಹತ್ತಾರು ಕಡ್ಡಿಗಳು. ಒಬ್ಬ ಅಜ್ಜಿ ಅವನ್ನು ಎರಡು ಕೈಯಲ್ಲಿ ಆಚೀಚೆ ಎಸೆಯುವ ವೇಗಕ್ಕೆ ಕಣ್ಣು ಸಾಲಲಿಲ್ಲ, ಬರೀ ಟಕಟಕ ಸದ್ದು.

ಅಮ್ಮ ಮನೆಯಲ್ಲಿ ಕ್ರೋಶಾ ಹಾಕುತ್ತಾಳೆ. "ನಮ್ಮದರಲ್ಲಿ ಒಂದು ಕಡ್ಡಿ, ಒಂದೇ ದಾರ. ಇಷ್ಟನ್ನು ನೆನಪಿಟ್ಟುಕೊಳ್ಳೋದು ಹೇಗೆ ಅಂತ ಕೇಳು" ಅಂದಳು. ಕೇಳಿದೆ. ಅಜ್ಜಿ ನಕ್ಕು, ಕೈ ನಿಧಾನ ಮಾಡಿ ತೋರಿಸಿದರು. ನಾಲ್ಕು ಕಡ್ಡಿ ತೆಗೆದುಕೊಂಡು ನಡುವಿನ ಎರಡರಲ್ಲಿ ಎಡದ್ದನ್ನು ಬಲದ್ದರ ಮೇಲೆ ದಾಟಿಸಿದರು. ಆಮೇಲೆ ಎರಡೂ ಜೋಡಿಯಲ್ಲಿ ಬಲದ್ದನ್ನು ಎಡದ್ದರ ಮೇಲೆ ತಿರುಚಿದರು. ದಾಟಿಸೋದು, ತಿರುಚೋದು. ಇಡೀ ಲೇಸ್ ಇವೆರಡರಿಂದಲೇ ಆಗುತ್ತದೆ. ಅಮ್ಮ ಗಾಳಿಯಲ್ಲಿ ಬೆರಳಾಡಿಸಿ ಮಾಡಿ ತೋರಿಸಿದಾಗ ಅಜ್ಜಿ ತಲೆಯಾಡಿಸಿದರು. ಇಬ್ಬರ ನಡುವೆ ಭಾಷೆ ಇರಲಿಲ್ಲ, ನಾನೂ ಬೇಕಾಗಲಿಲ್ಲ.

ಅಲ್ಲಿಂದ ಊರಂಚಿನ ಹಳೆ ಕೋಟೆ ದಿಬ್ಬದವರೆಗೆ ನಡೆದರೆ ಸಾಲಾಗಿ ನಾಲ್ಕು ಗಾಳಿಗಿರಣಿ. ಅದರಲ್ಲಿ ಸಂತ ಜಾನ್ ಗಿರಣಿ 1770ರದ್ದು. ಹುಲ್ಲಿನ ಮೇಲೆ ಕೂರಿ.

ಕೊಳ್ಳುವುದಿದ್ದರೆ

ಅಂಗಡಿಗಳಲ್ಲಿ ಅಗ್ಗಕ್ಕೆ ತೂಗುಹಾಕಿರುವ ಲೇಸ್ ಹೆಚ್ಚಿನದು ಯಂತ್ರದ್ದು. ಕೈಯಲ್ಲಿ ಮಾಡಿದ್ದೇ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಅಂಗೈ ಅಗಲದ ಚೂರಿಗೆ ದಿನಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಬೆಲೆ ಇದ್ದೇ ಇರುತ್ತದೆ. ಚಾಕೊಲೇಟ್ ತೂಕದ ಮೇಲೆ ಕೊಡುತ್ತಾರೆ, ಒಂದೊಂದನ್ನೇ ಆರಿಸಿ ತೆಗೆದುಕೊಳ್ಳಿ. ಒಳಗೆ ಹೂರಣ ಇರುವ ಕೆಲವಕ್ಕೆ ಮದ್ಯ ಸೇರಿರುತ್ತದೆ, ಕೇಳಿದರೆ ಹೇಳುತ್ತಾರೆ. ಕ್ರೀಮ್ ತುಂಬಿದವು ತುಂಬಾ ದಿನ ಬಾಳಲ್ಲ, ಊರಿಗೆ ಒಯ್ಯಲು ಗಟ್ಟಿಯವೇ ವಾಸಿ.

ಸಂಜೆ

ಐದು ಗಂಟೆಯ ನಂತರ ಬ್ರೂಜ್ ಮತ್ತೆ ಬೆಳಗಿನ ಹಾಗಾಗುತ್ತದೆ. ಗಿರಣಿಗಳ ಕಡೆಯಿಂದ ಸಂತ ಅನ್ನಾ ಕಾಲುವೆ ಹಿಡಿದು ವಾಪಸ್ ಬನ್ನಿ. ಗ್ರೂನೆರೇ ಎಂಬ ಕಾಲುವೆಯ ದಡ ಸಿಗುತ್ತದೆ. ಹೆಸರಿನ ಅರ್ಥವೇ ಹಸಿರು ಕಾಲುವೆ. ಮರಗಳು ನೀರಿಗೆ ಬಾಗಿವೆ, ಹಿಂದೆ ಹಳೆ ಕಲ್ಲು ಸೇತುವೆಗಳು. ನಿಧಾನಕ್ಕೆ ನಡೆದು ಮೀನು ಮಾರುಕಟ್ಟೆ ದಾಟಿ ರೋಜನ್‌ಹೂಡ್‌ಕೈ ತಲುಪಿ. ಕಾಲುವೆ ತಿರುಗುವ ಮೂಲೆ, ನೀರಿಗೆ ತಾಗಿದ ಮನೆಗಳು, ಹಿಂದೆ ಗಂಟೆ ಗೋಪುರ. ನೀವು ನೋಡಿರುವ ಬ್ರೂಜ್ ಫೋಟೋಗಳಲ್ಲಿ ಮುಕ್ಕಾಲು ಪಾಲು ಇಲ್ಲಿ ತೆಗೆದವೇ. ಬೆಳಗ್ಗೆ ಹತ್ತಕ್ಕೆ ಹಾದುಹೋಗುವಾಗ ಫೋಟೋ ತೆಗೆದಿದ್ದರೂ ಈಗ ಮತ್ತೆ ಕಟ್ಟೆಗೆ ಒರಗಿ ನಿಲ್ಲಿ. ದೋಣಿ ನಿಂತಿರುತ್ತವೆ, ನೀರು ಅಲುಗದೆ ಗೋಪುರದ ನೆರಳು ಪೂರ್ತಿ ಕಾಣುತ್ತದೆ. ಬೇಸಿಗೆಯಲ್ಲಿ ಹತ್ತರವರೆಗೂ ಬೆಳಕಿರುತ್ತದೆ. ಚಳಿಗಾಲದಲ್ಲಿ ಐದಕ್ಕೇ ಕತ್ತಲಾಗಿ ದೀಪ ಹತ್ತಿರುತ್ತದೆ, ಅದರ ಚೆಂದವೇ ಬೇರೆ.

ಇಲ್ಲಿಂದ ನಿಲ್ದಾಣಕ್ಕೆ ಇಪ್ಪತ್ತೈದು ನಿಮಿಷದ ನಡಿಗೆ. ಕಾಲು ಸೋತಿದ್ದರೆ ಬಸ್ಸಿದೆ. ಬ್ರಸಲ್ಸ್‌ಗೆ ಸಂಜೆಯೂ ಗಂಟೆಗೆ ಒಂದಕ್ಕಿಂತ ಹೆಚ್ಚು ರೈಲು ಇರುವುದರಿಂದ ಓಡಬೇಕಿಲ್ಲ. ಕೊನೆಯ ರೈಲಿನ ಸಮಯ ಮಾತ್ರ ಬೆಳಗ್ಗೆಯೇ ನೋಡಿಟ್ಟುಕೊಳ್ಳಿ.

ನಾವು ಎಂಟೂವರೆಯ ರೈಲು ಹತ್ತಿದೆವು. ಗೆಂಟ್ ಬರುವ ಮೊದಲೇ ಅಪ್ಪನಿಗೆ ನಿದ್ದೆ. ಅಮ್ಮ ತಾನು ಕೊಂಡ ಬೆರಳಗಲದ ಲೇಸ್ ಚೂರನ್ನು ಪೊಟ್ಟಣದಿಂದ ತೆಗೆದು, ರೈಲಿನ ದೀಪಕ್ಕೆ ಹಿಡಿದು, ಎಲ್ಲಿ ದಾಟಿಸಿದ್ದಾರೆ ಎಲ್ಲಿ ತಿರುಚಿದ್ದಾರೆ ಅಂತ ಹುಡುಕುತ್ತಾ ಕೂತಿದ್ದಳು.